ತುಪ್ಪ ಸವರಿದ ಗುಂಡು

ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆಯಲ್ಲಿ ಬೇಟೆಯ ರೈಫಲ್ ಒಂದಿತ್ತು. ಅದು ಕೂನೂರಿನ ಮೇಲಿನ ಹುಬ್ಬತಲೈ ಎಂಬ ಊರಿನಲ್ಲಿದ್ದ ನನ್ನ ಮಾವನ ಮನೆ, ಅಂದರೆ ಹೆಂಡತಿಯ ತವರು. ಬೆಟ್ಟದ ಹಳೆಯ ವೀರಶೈವ ಕುಟುಂಬ. ಬೆಳಿಗ್ಗೆ ಲಿಂಗಪೂಜೆ, ಹಗಲೆಲ್ಲ ಟೀ ತೋಟ, ಸಂಜೆ ಮತ್ತೆ ವಿಭೂತಿ. ಅಂಥ ಮನೆಗೆ ಆ ರೈಫಲ್ ಹೇಗೆ ಬಂತೆಂದರೆ, ಮಾವನ ತಾತನ ಕಾಲದಲ್ಲಿ ಪಕ್ಕದ ಎಸ್ಟೇಟಿನ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ಹಡಗಿಗೆ ಹೇರಲಾರದ್ದನ್ನೆಲ್ಲ ಹಂಚಿದನಂತೆ. ಪಿಯಾನೊ ಚರ್ಚಿಗೆ, ನಾಯಿ ಡಾಕ್ಟರಿಗೆ, ರೈಫಲ್ ನಮ್ಮವರಿಗೆ. ಹಂಚುವಾಗ ನಾಯಿಯೂ ರೈಫಲ್ಲೂ ಅದಲುಬದಲಾಗಿದ್ದರೆ ನನ್ನ ಅತ್ತೆ ಜೀವನದಲ್ಲಿ ಅರ್ಧದಷ್ಟು ಮಾತು ಕಡಿಮೆ ಆಡುತ್ತಿದ್ದರು.

ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ತುಂಬಿ ಕೋಲಿನಿಂದ ತುರುಕುವ ಜಾತಿಯದು ಅದು. ನಳಿಗೆಯ ಒಳಗೆ ಮಾತ್ರ ಸುರುಳಿ ಗೀರುಗಳಿದ್ದವು. ಹಾಗಾಗಿ ಅದು ಬರೀ ನಾಡಬಂದೂಕಲ್ಲ, ರೈಫಲ್ ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ದೊರೆಯ ಕೈಯಲ್ಲಿ ಅದು ಏನೇನು ಕೊಂದಿತ್ತೋ ಗೊತ್ತಿಲ್ಲ. ನಮ್ಮವರ ಕೈಗೆ ಬಂದ ಮೇಲೆ ಒಂದು ಇಲಿಯನ್ನೂ ಕೊಂದಿಲ್ಲ. ಆಲೂಗಡ್ಡೆ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಮಾವ ಆಕಾಶಕ್ಕೆ ಒಂದು ಈಡು ಹಾರಿಸುತ್ತಿದ್ದರು. ಹಂದಿಗಳು ಟೀ ಫ್ಯಾಕ್ಟರಿಯ ಸೈರನ್ ಕೇಳಿದ ಕೂಲಿಯವರ ಹಾಗೆ ಒಮ್ಮೆ ತಲೆ ಎತ್ತಿ, ಮತ್ತೆ ಕೆಲಸಕ್ಕೆ ತೊಡಗುತ್ತಿದ್ದವು. ಇನ್ನು ಆಯುಧಪೂಜೆಯ ದಿನ ಅದಕ್ಕೆ ವಿಭೂತಿ, ಕುಂಕುಮ, ಸೇವಂತಿಗೆ. ಬೇಟೆ ಕಾನೂನಿನಲ್ಲೇ ನಿಂತು ಎಷ್ಟೋ ವರ್ಷಗಳಾಗಿದ್ದವು. ಅದಕ್ಕೂ ಮೊದಲೇ ಆ ರೈಫಲ್ ನಮ್ಮ ಮನೆ ಸೇರಿ ಸನ್ಯಾಸ ತೆಗೆದುಕೊಂಡಿತ್ತು.

ವರ್ಷಕ್ಕೊಂದು ದಿನ ಮಾತ್ರ ಅದಕ್ಕೆ ನಿಜವಾದ ಕೆಲಸ. ಗೂಡಲೂರಿನ ಹತ್ತಿರ ಕೆಲಸ ನಿಂತುಹೋದ ಒಂದು ಕಲ್ಲುಕೋರೆಯಲ್ಲಿ, ಪೊಲೀಸರ ಅಪ್ಪಣೆ ಪಡೆದು, ಲೈಸೆನ್ಸ್ ಇರುವ ಹಳೆಯ ಕೋವಿಯವರೆಲ್ಲ ಸೇರುತ್ತಿದ್ದರು. ಕೋರೆಯ ಗೋಡೆಯ ಮುಂದೆ ಸರಪಳಿಯಲ್ಲಿ ಒಂದು ಕಬ್ಬಿಣದ ತಟ್ಟೆ ತೂಗುಹಾಕುವುದು, ಒಬ್ಬೊಬ್ಬರು ಮೂರು ಮೂರು ಈಡು ಹೊಡೆಯುವುದು. ತಟ್ಟೆ ಠಣ್ ಎಂದರೆ ಆ ಮನೆಯ ಮರ್ಯಾದೆ ಒಂದು ವರ್ಷ ಟೀ ಅಂಗಡಿಗಳಲ್ಲಿ ಓಡಾಡುತ್ತಿತ್ತು. ನನ್ನ ಮಾವನ ಪಾಲಿಗೆ ಆ ತಟ್ಟೆ ಠಣ್ ಎಂದು ಬಹಳ ವರ್ಷವಾಗಿತ್ತು. ದೊರೆ ಬಿಟ್ಟುಹೋದ ಗುಂಡುಗಳ ಪೆಟ್ಟಿಗೆ ಮುಗಿದ ಮೇಲೆ ಅವರು ಸಿಕ್ಕಿದ ಸೀಸ ಕರಗಿಸಿ ತಾವೇ ಗುಂಡು ಎರೆಯುತ್ತಿದ್ದರು. ಅವು ಸುಕ್ಕು ಹಿಡಿದ ನೆಲ್ಲಿಕಾಯಿಯಂತೆ ಇರುತ್ತಿದ್ದವು.

ಅತ್ತೆಗೂ ರೈಫಲ್ಲಿಗೂ ಇದ್ದ ತಕರಾರು ಜೀವಹಿಂಸೆಯದಲ್ಲ, ಜಾಗದ್ದು. ಮನೆಯಲ್ಲಿ ಬೀಗ ಇದ್ದದ್ದು ಅವರ ಬೀರುವಿಗೆ ಮಾತ್ರ. ಕೋವಿ ಬೀಗದೊಳಗೇ ಇರಬೇಕೆಂದು ಠಾಣೆಯವರು ಹೇಳಿದ್ದರು. ಹೀಗಾಗಿ ರೇಷ್ಮೆ ಸೀರೆಗಳ ಪಕ್ಕದಲ್ಲಿ ಅದು ಓರೆಯಾಗಿ ಮಲಗಿತ್ತು. ಮದುವೆಗಳಲ್ಲಿ ಅತ್ತೆ ಹತ್ತಿರ ಕೂತರೆ ಮಲ್ಲಿಗೆಯ ಜೊತೆಗೆ ಕೋವಿಯ ಎಣ್ಣೆಯ ವಾಸನೆಯೂ ಬರುತ್ತಿತ್ತು. ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ದೆಹಲಿಯಲ್ಲಿ ಸರ್ಕಾರಗಳು ನಿಲ್ಲುತ್ತಿರಲಿಲ್ಲ. ಇಡೀ ಹುಬ್ಬತಲೈಯಲ್ಲಿ ಸರ್ಕಾರ ಬಿದ್ದ ಸುದ್ದಿಗೆ ಪಾಯಸ ಮಾಡಿದವರು ನನ್ನ ಅತ್ತೆ ಒಬ್ಬರೇ.

ಅಂಥ ಒಂದು ಚುನಾವಣೆ ಮುಗಿದು ಮಾವ ರೈಫಲ್ ವಾಪಸು ತಂದ ದಿನ ಅತ್ತೆ ಬೀರುವಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತರು.

"ಏನೂಂದ್ರೆ, ಅದು ಅಲ್ಲೇ ಚೆನ್ನಾಗಿತ್ತಲ್ಲ. ಊಟ ಕೇಳ್ತಿತ್ತಾ ಅವ್ರನ್ನ?"

"ಇದು ನಮ್ಮ ತಾತನ ಮರ್ಯಾದೆ," ಅಂದರು ಮಾವ.

"ಮರ್ಯಾದೆ ಇದ್ರೆ ಕೋರೇಲಿ ಒಂದು ಸಲ ಆದ್ರೂ ತೋರಿಸ್ಬೇಕಲ್ಲ. ಸುಮ್ಮಾ ನನ್ನ ಸೀರೆ ಮೇಲೆ ಮಲಗಕ್ಕೆ ಮರ್ಯಾದೆ ಯಾಕೆ?"

ಮಾವ ರೋಷದಲ್ಲಿ ಒಂದು ಮಾತು ಆಡಿಬಿಟ್ಟರು. ಈ ವರ್ಷ ತಟ್ಟೆಗೆ ಒಂದಾದರೂ ಗುಂಡು ತಾಗದಿದ್ದರೆ ರೈಫಲ್ ಠಾಣೆಗೆ ಶಾಶ್ವತವಾಗಿ ಒಪ್ಪಿಸಿ ಲೈಸೆನ್ಸ್ ಹಿಂದಿರುಗಿಸುತ್ತೇನೆ ಎಂದರು. ಅತ್ತೆ ಆ ಕ್ಷಣವೇ ಬಾಗಿಲು ಬಿಟ್ಟು ದಾರಿ ಕೊಟ್ಟರು. ಅಷ್ಟು ಬೇಗ ದಾರಿ ಸಿಕ್ಕಿದ್ದು ನೋಡಿ ಮಾವನಿಗೆ ತಾವು ಏನು ಹೇಳಿದೆವು ಎಂಬುದು ಅರ್ಥವಾಯಿತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಕೂನೂರಿಗೆ ಇಳಿದು ನನ್ನ ಅಂಗಡಿಯ ಮುಂದೆ ನಿಂತರು.

ನನ್ನದು ರೇಡಿಯೇಟರ್ ರಿಪೇರಿ ಅಂಗಡಿ. ಮೈಸೂರು ಕಡೆಯಿಂದ ಹುಡುಗನಾಗಿದ್ದಾಗ ಬಂದವನು. ಆರನೇ ಕ್ಲಾಸಿಗೆ ಶಾಲೆಗೂ ನನಗೂ ಹೊಂದಾಣಿಕೆ ಆಗಲಿಲ್ಲ, ಕೈಗೂ ಬೆಂಕಿಗೂ ಆಯಿತು. ಟೀ ಎಲೆ ಹೊರುವ ಲಾರಿಗಳು ಘಾಟಿ ಹತ್ತಿ ಹತ್ತಿ ರೇಡಿಯೇಟರ್ ಒಡೆದುಕೊಂಡು ನನ್ನ ಹತ್ತಿರವೇ ಬರುತ್ತಿದ್ದವು. ನಾನು ಬೆಸುಗೆ ಹಾಕಿದ ಜಾಗದಲ್ಲಿ ಮತ್ತೆ ಸೋರಿದ್ದು ಇಲ್ಲ. ಬೇರೆ ಜಾಗದಲ್ಲಿ ಸೋರಿದರೆ ಅದು ಬೇರೆ ಮಾತು. ಸೀಸ ಮತ್ತು ತವರದ ವಿಷಯದಲ್ಲಿ ಇಡೀ ಬೆಟ್ಟದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ತಿಳಿದಿದ್ದೆ. ಅದನ್ನು ಬೇರೆಯವರಿಗೂ ಆಗಾಗ ತಿಳಿಸುತ್ತಿದ್ದೆ.

ಮಾವ ಸ್ಟೂಲಿನ ಮೇಲೆ ಕೂತು ವಿಷಯವೆಲ್ಲ ಹೇಳಿದರು. ಕೊನೆಗೆ, "ಕಣ್ಣು ಸರಿಯಾಗೇ ಇದೆ ಮಾಪಿಳ್ಳೆ. ಕೈಯೂ ನಡುಗಲ್ಲ. ತಪ್ಪೆಲ್ಲ ಸೀಸದ್ದು," ಎಂದರು. ಅಳಿಯನನ್ನು ಅವರು ತಮಿಳಿನಲ್ಲಿ ಮಾಪಿಳ್ಳೆ ಎಂದೇ ಕರೆಯುತ್ತಿದ್ದರು.

"ಸೀಸ ನನಗೆ ಬಿಡಿ ಮಾವ. ತಟ್ಟೆ ತೂತಾಗೋ ಹಂಗೆ ಮಾಡ್ಕೊಡ್ತೀನಿ."

"ತೂತು ಬೇಡ. ಸದ್ದು ಬಂದ್ರೆ ಸಾಕು."

ಗುಂಡು ಎರೆಯುವ ಅಚ್ಚನ್ನು ಅವರು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಅಡಕತ್ತರಿಯಂತೆ ತೆರೆದು ಮುಚ್ಚುವ ಹಿತ್ತಾಳೆಯ ಅಚ್ಚು. ಅದರಲ್ಲಿ ಎರೆದ ಗುಂಡಿನ ಮುಂದೆ ಚೂಪು, ಹಿಂದೆ ಬೆರಳ ತುದಿ ಕೂರುವಷ್ಟು ಕುಳಿ. ಆ ಕುಳಿ ಯಾಕೆ ಎಂದು ಮಾವ ಕೇಳಿದರು. ದೊರೆಗಳು ಲೆಕ್ಕದವರು, ಸೀಸ ಉಳಿಸುವುದಕ್ಕೆ ಹಾಗೆ ಮಾಡಿದ್ದಾರೆ ಎಂದು ನಾನು ವಿವರಿಸಿದೆ. ಮಾವ ತಲೆದೂಗಿದರು. ನಮ್ಮಿಬ್ಬರಿಗೂ ಬಹಳ ತೃಪ್ತಿಯಾಯಿತು.

ಇನ್ನು ಯಾವ ಸೀಸ ಎಂಬುದು. ಒಂದು ವಾರದೊಳಗೆ ನನ್ನ ಬೆಂಚಿನ ಮೇಲೆ ಎರಡು ರಾಶಿ ಸೇರಿದವು. ಹಳೆ ಬ್ಯಾಟರಿಯ ಪ್ಲೇಟುಗಳನ್ನು ನಾನು ಮೊದಲೇ ಬೇಡವೆಂದಿದ್ದೆ. ಅದರ ಹೊಗೆ ವಿಷ, ಅದನ್ನು ಕರಗಿಸುವವನು ಗುರಿ ಹೊಡೆಯುವ ಮುಂಚೆ ಆಸ್ಪತ್ರೆ ಸೇರುತ್ತಾನೆ. ಮೊದಲ ರಾಶಿ ಟಯರ್ ಅಂಗಡಿಯಿಂದ ಬಂದ ಚಕ್ರದ ತೂಕ ಸರಿದೂಗಿಸಲು ಅಂಚಿಗೆ ಸಿಕ್ಕಿಸುವ ಸೀಸದ ತುಂಡುಗಳು. ಉಗುರಿನಿಂದ ಗೀರಿದರೆ ಅಷ್ಟಿಷ್ಟು ಗುರುತು ಬೀಳುತ್ತದೆ, ಕಲ್ಲಿನ ಮೇಲೆ ಹಾಕಿದರೆ ಸ್ವಲ್ಪ ಸದ್ದು ಮಾಡುತ್ತದೆ. ಎರಡನೆಯ ರಾಶಿ ನನ್ನ ಬಾಮೈದ ತಂದದ್ದು. ಅವನು ಕುಂದಾದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದ, ಅಲ್ಲಿಯ ಕಾಲೊನಿಯಲ್ಲೇ ಮನೆ. ಗುಜರಿ ಹರಾಜಿನಲ್ಲಿ ಕೊಂಡ ಹಳೆಯ ಕೇಬಲ್ಲಿನ ಮೇಲಿನ ಸೀಸದ ಕವಚವನ್ನು ಸುಲಿದು, ಚಾಪೆಯಂತೆ ಸುರುಳಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಬಂದ.

"ಭಾವ, ಅಪ್ಪನ ರೈಫಲ್ಲಿಗೆ ಇದೇ ಸರಿ. ಇದ್ರಲ್ಲಿ ಬೇರೆ ಏನೂ ಬೆರಕೆ ಇಲ್ಲ."

ನಾನು ಉಗುರು ಒತ್ತಿದೆ. ಉಗುರು ಒಳಗೇ ಹೋಯಿತು. ಕಲ್ಲಿನ ಮೇಲೆ ಹಾಕಿದೆ, ಹಸಿ ಹಿಟ್ಟಿನ ಮುದ್ದೆಯಂತೆ ಬಿತ್ತು.

"ಇದು ಸೀಸ ಅಲ್ಲಪ್ಪ, ಬೆಣ್ಣೆ. ಹೋಗಿ ದೋಸೆ ಮೇಲೆ ಹಾಕ್ಕೊ."

"ಮೆತ್ತಗೇ ಇರ್ಬೇಕು ಅಂತ ನಮ್ ಫೋರ್‌ಮನ್ ಹೇಳಿದ್ರು ಭಾವ."

"ನಿಮ್ ಫೋರ್‌ಮನ್ ಕರೆಂಟ್ ನೋಡ್ಕೊಳ್ಳಿ. ಕಬ್ಬಿಣದ ತಟ್ಟೆಗೆ ಬೆಣ್ಣೆ ಹೊಡೆದ್ರೆ ಸದ್ದು ಬರ್ತದಾ?"

ಅವನು ಬೆಣ್ಣೆಯನ್ನು ಮತ್ತೆ ಸುರುಳಿ ಸುತ್ತಿ ಹೆಗಲಿಗೇರಿಸಿ ಕುಂದಾ ಬಸ್ಸು ಹತ್ತಿದ. ಅವನ ಸುಮ್ಮನಿರುವಿಕೆಯನ್ನು ನಾನು ಒಪ್ಪಿಗೆ ಎಂದು ತಿಳಿದೆ. ಅವನು ನನ್ನ ಬೆಣ್ಣೆಯ ಮಾತನ್ನು ಆಗಲೇ ಬಡ್ಡಿಗೆ ಇಟ್ಟಿದ್ದ ಎಂಬುದು ಆಮೇಲೆ ಗೊತ್ತಾಯಿತು.

ಚಕ್ರದ ತುಂಡೂ ನನಗೆ ಸಾಲದು. ಇನ್ನೂ ಗಟ್ಟಿ ಬೇಕು. ಉದಕಮಂಡಲದಲ್ಲಿ ನಮ್ಮ ಮೈಸೂರು ಕಡೆಯವರೇ ಒಬ್ಬರು ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸು ನಡೆಸುತ್ತಿದ್ದರು. ಆ ಕಾಲಕ್ಕೆ ಆಫ್‌ಸೆಟ್ ಬಂದು, ಮೊಳೆ ಜೋಡಿಸುವ ಕೆಲಸ ನಿಂತು, ಅವರು ಅಚ್ಚಿನ ಮೊಳೆಗಳನ್ನೆಲ್ಲ ತೂಕಕ್ಕೆ ಹಾಕುತ್ತಿದ್ದರು. ನಾನು ಒಂದು ಮೊಳೆ ತೆಗೆದು ಉಗುರು ಹಾಕಿದೆ. ಉಗುರೇ ಮುರಿಯಿತು. ನೆಲಕ್ಕೆ ಬಿಟ್ಟರೆ ಬೆಳ್ಳಿ ಕಾಸಿನಂತೆ ಟಣ್ ಅಂದಿತು. ಇದೇ ಎಂದು ತೀರ್ಮಾನಿಸಿದೆ.

"ಇದ್ರಲ್ಲಿ ಸೀಸದ ಜೊತೆ ತವರ, ಆಂಟಿಮನಿ ಎಲ್ಲ ಇದೆ ಯಜಮಾನ್ರೆ. ಕಲ್ಲಿನಂಗಿರ್ತದೆ," ಎಂದರು ಪ್ರೆಸ್ಸಿನವರು. "ಏನ್ ಮಾಡ್ತೀರ?"

"ಕರಗಿಸ್ತೀನಿ."

ಅವರು ಮೊಳೆಗಳ ಮರದ ಖಾನೆಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. "ಕನ್ನಡ ಬೇಕಾ, ತಮಿಳಾ, ಇಂಗ್ಲಿಷಾ?"

"ಯಾವುದು ಗಟ್ಟಿ?"

"ತಮಿಳು ಜಾಸ್ತಿ ಓಡಿದೆ, ಸವೆದಿದೆ. ಕನ್ನಡ ಹೊಸದಾಗೇ ಇದೆ. ಇಲ್ಲಿ ಕನ್ನಡದಲ್ಲಿ ಮದುವೆ ಕಾಗದ ಮಾಡಿಸೋರು ಯಾರಿದ್ದಾರೆ?"

ಹಾಗಾಗಿ ಕನ್ನಡವೇ ತಂದೆ. ಶಾಲೆಯಲ್ಲಿ ನಾನು ಕಲಿಯದೆ ಬಿಟ್ಟ ಒತ್ತಕ್ಷರಗಳೆಲ್ಲ ಚೀಲದಲ್ಲಿ ಗಲಗಲ ಅನ್ನುತ್ತ ನನ್ನ ಜೊತೆ ಬಸ್ಸಿನಲ್ಲಿ ಬಂದವು.

ಎರೆಯುವ ಕೆಲಸ ಹುಬ್ಬತಲೈಯ ಹಿತ್ತಲಲ್ಲಿ. ಅತ್ತೆ ಅಡುಗೆಮನೆಯಿಂದ ಒಂದು ಚಮಚವನ್ನೂ ಕೊಡಲಿಲ್ಲ, ಸೀಸ ಮುಟ್ಟಿದ ಪಾತ್ರೆ ಮತ್ತೆ ಒಳಗೆ ಬರಕೂಡದು ಎಂದರು. ಅದು ಸರಿಯೇ. ನಾನೇ ಅಂಗಡಿಯಿಂದ ಕಬ್ಬಿಣದ ಬಾಣಲೆ, ಸೌಟು ಒಯ್ದಿದ್ದೆ. ಗಾಳಿಗೆ ಬೆನ್ನು ಕೊಟ್ಟು ಕೂತು, ಸೌದೆ ಉರಿ ಹಾಕಿ, ಮೊಳೆಗಳನ್ನು ಬಾಣಲೆಗೆ ಸುರಿದೆ. ಮೊದಲು ಅಕ್ಷರದ ಅಂಚುಗಳು ಮೊಂಡಾದವು, ಆಮೇಲೆ ಎಲ್ಲವೂ ಒಟ್ಟಿಗೆ ಕುಸಿದು ಹೊಳೆಯುವ ನೀರಾಯಿತು. ಮೇಣದ ಒಂದು ಚೂರು ಹಾಕಿ ಕದಡಿ, ಮೇಲೆ ಬಂದ ಕಿಟ್ಟ ತೆಗೆದು, ಅಚ್ಚಿಗೆ ಹೊಯ್ದೆ. ತೆರೆದರೆ ಒಂದು ಸುಕ್ಕಿಲ್ಲ, ಒಂದು ಗುಳ್ಳೆ ಇಲ್ಲ. ಮಾವ ಆರಿದ ಗುಂಡುಗಳನ್ನು ಪಂಚೆಯ ಮಡಿಲಲ್ಲಿ ಹಾಕಿಕೊಂಡು ಒಂದಕ್ಕೊಂದು ತಾಗಿಸಿ ಸದ್ದು ಕೇಳಿದರು.

"ಏನ್ ಜೋರು ಸದ್ದು ಮಾಪಿಳ್ಳೆ. ಗೆಜ್ಜೆ ಇದ್ದಂಗೆ."

"ಗೆಜ್ಜೆ ಮಾಡ್ಸಿದ್ರೆ ನಾನಾದ್ರೂ ಹಾಕ್ಕೋತಿದ್ದೆ," ಎಂದು ಒಳಗಿನಿಂದ ಅತ್ತೆಯ ದನಿ ಬಂತು.

ಇನ್ನೊಂದು ಕೆಲಸ ಬಾಕಿ ಇತ್ತು. ಗುಂಡು ನಳಿಗೆಯಲ್ಲಿ ಸಲೀಸಾಗಿ ಇಳಿಯಲಿ, ಮಸಿ ಕಟ್ಟದಿರಲಿ ಎಂದು ಅದಕ್ಕೆ ಜಿಡ್ಡು ಸವರಬೇಕು. ದೊರೆ ಕುರಿಯ ಕೊಬ್ಬು ಮತ್ತು ಜೇನುಮೇಣ ಸೇರಿಸಿ ಸವರುತ್ತಿದ್ದನಂತೆ. ಕುರಿಯ ಕೊಬ್ಬು ಎಂಬ ಮಾತನ್ನು ಆ ಮನೆಯಲ್ಲಿ ಗಟ್ಟಿಯಾಗಿ ಹೇಳುವ ಹಾಗೂ ಇರಲಿಲ್ಲ. ಹಾಗಾಗಿ ತಾತನ ಕಾಲದಿಂದ ನಮ್ಮವರು ಎಮ್ಮೆ ತುಪ್ಪ ಮತ್ತು ಜೇನುಮೇಣ ಸೇರಿಸುತ್ತ ಬಂದಿದ್ದರು. ಲೋಕದಲ್ಲಿ ಶುದ್ಧ ಸಸ್ಯಾಹಾರಿ ಗುಂಡು ಹಾರಿಸುತ್ತಿದ್ದ ರೈಫಲ್ ಅದೊಂದೇ ಇರಬೇಕು. ಅತ್ತೆ ತುಪ್ಪದ ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು ಹೊರಗಿಟ್ಟರು. ಬೆಳಿಗ್ಗೆ ನೋಡಿದರೆ ಗುಂಡುಗಳಿಗೆ ಇರುವೆ ಮುತ್ತಿದ್ದವು. ಮಾವ ಅವನ್ನು ಒಂದೊಂದಾಗಿ ಊದಿ ಓಡಿಸಿದರು, ಒಂದನ್ನೂ ಕೊಲ್ಲಲಿಲ್ಲ.

ಕೂಟಕ್ಕೆ ಹದಿನೈದು ದಿನ ಮುಂಚೆ ಅದೇ ಕೋರೆಯಲ್ಲಿ ಅಭ್ಯಾಸಕ್ಕೆ ಒಂದು ದಿನ ಕೊಡುತ್ತಿದ್ದರು. ಬಾಮೈದನೂ ರಜೆ ಹಾಕಿ ಬಂದ. ಹಲಗೆಗೆ ಕ್ಯಾಲೆಂಡರಿನ ಹಾಳೆ ಹಚ್ಚಿ, ಮಾವ ಮಂಡಿಯೂರಿ ಕೂತು ಹೊಡೆದರು. ಮೊದಲನೆಯದು ಹಾಳೆಯ ಮೂಲೆಗೆ ತಾಗಿತು. ಎರಡನೆಯದು ಎಲ್ಲಿ ಹೋಯಿತೆಂದು ದೇವರಿಗೇ ಗೊತ್ತು. ಮೂರನೆಯದು ಹೋಗುವಾಗ ತುಂಬಿದ ಬಸ್ಸಿನಂತೆ ವಿಚಿತ್ರವಾಗಿ ಮುಲುಗಿಕೊಂಡು ಹೋಯಿತು.

"ಕಣ್ಣು ತೋರಿಸ್ಬೇಕು ಮಾವ," ಎಂದೆ ನಾನು.

"ಕಣ್ಣಿಗೇನೂ ಆಗಿಲ್ಲ. ಅವಳು ತುಪ್ಪದಲ್ಲಿ ಏನೋ ಬೆರೆಸಿದ್ದಾಳೆ."

ಬಾಮೈದ ಮಾತ್ರ ಹಾಳೆಯ ಹತ್ತಿರ ಹೋಗಿ ನಿಂತು ನಮ್ಮನ್ನು ಕರೆದ. ಮೂಲೆಯಲ್ಲಿ ಬಿದ್ದಿದ್ದ ತೂತು ದುಂಡಗಿರಲಿಲ್ಲ. ಗುಂಡು ಅಡ್ಡಡ್ಡ ಮಲಗಿಕೊಂಡು ಹಾಳೆ ದಾಟಿದ್ದ ಹಾಗೆ ಉದ್ದಕ್ಕಿತ್ತು. ಹಿಂದಿನ ಮಣ್ಣಿನ ದಿಬ್ಬ ಕೆದಕಿ ಅವನು ಒಂದು ಗುಂಡು ಹುಡುಕಿ ನನ್ನ ಅಂಗೈಯಲ್ಲಿ ಇಟ್ಟ. ಬಾಣಲೆಯಿಂದ ತೆಗೆದಾಗ ಹೇಗಿತ್ತೋ ಹಾಗೇ ಇತ್ತು. ನಳಿಗೆಯ ಸುರುಳಿ ಗೀರಿನ ಗುರುತು ಅದರ ಮೈಮೇಲೆ ಒಂದೂ ಇರಲಿಲ್ಲ. ಹಿಂದಿನ ಕುಳಿಯ ಅಂಚು ಕೂಡ ಹಾಗೇ ಗಟ್ಟಿಯಾಗಿ ನಿಂತಿತ್ತು.

ನಾನು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದೆ. ರೇಡಿಯೇಟರಿನ ಮುಚ್ಚಳಕ್ಕೆ ಹಾಕುವ ರಬ್ಬರ್ ವಾಷರ್ ಹಳೆಯದಾಗಿ ಗಟ್ಟಿಯಾದರೆ ಸೋರುತ್ತದೆ. ಮೆತ್ತಗಿದ್ದರೆ ಒತ್ತಡಕ್ಕೆ ಹಿಗ್ಗಿ ಸಂದು ಮುಚ್ಚುತ್ತದೆ. ದಿನಕ್ಕೊಬ್ಬ ಡ್ರೈವರಿಗೆ ನಾನೇ ಈ ಪಾಠ ಹೇಳುತ್ತಿದ್ದೆ. ಗುಂಡಿನ ಹಿಂದಿನ ಕುಳಿಯೂ ಅದಕ್ಕೇ ಇದ್ದದ್ದು. ಮದ್ದು ಸಿಡಿದಾಗ ಆ ಕುಳಿಯ ಅಂಚು ಹಿಗ್ಗಿ, ನಳಿಗೆಯ ಗೀರುಗಳನ್ನು ಕಚ್ಚಿ ಹಿಡಿದು, ತಿರುಗಿಕೊಂಡು ಹೊರಗೆ ಬರಬೇಕು. ತಿರುಗಿದರೆ ನೇರ ಹೋಗುತ್ತದೆ. ನನ್ನ ಕಲ್ಲಿನಂಥ ಗುಂಡು ಏನನ್ನೂ ಕಚ್ಚದೆ, ಗಡಿಬಿಡಿಯಲ್ಲಿ ಬಂದ ನೆಂಟನಂತೆ, ಅಡ್ಡಾದಿಡ್ಡಿಯಾಗಿ ಹೊರಬಿದ್ದಿತ್ತು. ಪಾಪ, ದೊರೆ ಸೀಸ ಉಳಿಸಿರಲಿಲ್ಲ.

"ಏನ್ ಭಾವ ಯೋಚನೆ?" ಎಂದ ಬಾಮೈದ.

"ಏನಿಲ್ಲ. ಬೆರಕೆ ಸ್ವಲ್ಪ ಬದಲಾಯಿಸ್ಬೇಕು."

ಮುಂದಿನ ಭಾನುವಾರ ನಾನು ಕುಂದಾ ಬಸ್ಸು ಹತ್ತಿದೆ. ಮಂಜು, ತಿರುವು, ಅಣೆಕಟ್ಟು, ಮತ್ತೆ ಮಂಜು. ಹೆಂಡತಿಗೆ ಹೇಳಿದ್ದು ಬಾಮೈದನ ಮನೆಯ ಗೀಸರ್ ಸೋರುತ್ತಿದೆ ಎಂದು. ಅವಳು ಚೀಲಕ್ಕೆ ಬೇಕರಿಯ ವರ್ಕಿ ಹಾಕಿಕೊಡುತ್ತ, "ಅವನ ಮನೇಲಿ ಗೀಸರ್ ಇಲ್ಲ, ಒಲೇಲೇ ನೀರು ಕಾಯಿಸೋದು. ಸೀಸ ಭಾರ ಇರ್ತದೆ, ಗಟ್ಟಿ ಚೀಲ ತಗೊಂಡ್ಹೋಗಿ," ಎಂದಳು.

ಕಾಲೊನಿಯ ಮನೆಯಲ್ಲಿ ನನ್ನನ್ನು ಕೂರಿಸಿ ಬಾಮೈದ ಏನೂ ಕೇಳಲಿಲ್ಲ. ಹವಾಮಾನ ಮಾತಾಡಿದ. ಕ್ಯಾರೆಟ್ ಬೆಳೆ ಮಾತಾಡಿದ. ಆಮೇಲೆ ಅವನ ಹೆಂಡತಿ ಬಿಸಿ ದೋಸೆ ತಂದಿಟ್ಟಳು. ಅದರ ಮೇಲೆ ನಿಂಬೆ ಗಾತ್ರದ ಬೆಣ್ಣೆ.

"ತಗೊಳ್ಳಿ ಭಾವ," ಎಂದ. "ನಿಮಗೆ ಅಂತಲೇ ಇಟ್ಟಿದ್ದೆ. ಗಟ್ಟಿ ಇದ್ಯಾ ನೋಡಿ, ಇಲ್ಲಾಂದ್ರೆ ಬೇರೆ ತರಿಸ್ತೀನಿ."

ನಾನು ತಿಂದೆ. ಎರಡನೆಯ ದೋಸೆಯ ಮೇಲೂ ಬೆಣ್ಣೆ ಬಂತು. ಮೂರನೆಯದಕ್ಕೂ ಬಂತು. ಅಷ್ಟಾದ ಮೇಲೆ ಅವನು ಮಂಚದ ಅಡಿಯಿಂದ ಸೀಸದ ಸುರುಳಿ ಎಳೆದು ನನ್ನ ಕಾಲ ಬಳಿ ಇಟ್ಟ. "ಹೊಟ್ಟೆ ತುಂಬ್ತಲ್ಲ, ಇನ್ನು ಕಟ್ಟಿಕೊಡ್ತೀನಿ."

ಆದರೂ ಅವನ ಸೀಸವನ್ನು ಹಾಗೇ ಹೊಯ್ದರೆ ನನ್ನ ಕಸುಬಿಗೆ ಏನು ಬೆಲೆ. ಬರೀ ಸೀಸ ಅಚ್ಚಿನ ಮೂಲೆಗಳಿಗೆ ಸರಿಯಾಗಿ ಇಳಿಯುವುದಿಲ್ಲ, ಸುಕ್ಕು ಬೀಳುತ್ತದೆ. ಮಾವನ ನೆಲ್ಲಿಕಾಯಿಗಳಿಗೆ ಅದೂ ಒಂದು ಕಾರಣ. ಅದಕ್ಕೆ ನನ್ನ ಬೆಸುಗೆಯ ಕಡ್ಡಿಯಿಂದ ಒಂದಿಷ್ಟು ತವರ ಸೇರಿಸಿದೆ, ಪಾಯಸಕ್ಕೆ ಏಲಕ್ಕಿ ಹಾಕುವಷ್ಟು. ಗುಂಡು ನುಣುಪಾಗಿ ಬಂತು, ಉಗುರು ಒತ್ತಿದರೆ ಗುರುತೂ ಬಿತ್ತು. ಮಾವ ಎರಡು ಗುಂಡು ತಾಗಿಸಿ ಸದ್ದು ಕೇಳಿದರು. ಥಪ್ ಎಂದಿತು. ಅವರ ಮುಖ ಬಾಡಿತು.

"ಗೆಜ್ಜೆ ಸದ್ದು ಹೋಯ್ತಲ್ಲ ಮಾಪಿಳ್ಳೆ."

"ಸದ್ದು ತಟ್ಟೇಲಿ ಬರ್ತದೆ ಮಾವ."

ಜೇನುಮೇಣ ಮೊದಲ ಸಲಕ್ಕೇ ಮುಗಿದುಹೋಗಿತ್ತು. ಬರೀ ತುಪ್ಪ ಸವರಿದೆವು. ಹುಬ್ಬತಲೈಯ ಚಳಿಗೆ ಅದು ಕಲ್ಲಿನಂತೆ ಹೆಪ್ಪುಗಟ್ಟಿ ಕೂತಿತು. ಅತ್ತೆ ಹಾದು ಹೋಗುವಾಗ ಒಮ್ಮೆ ಬಗ್ಗಿ ನೋಡಿ, "ಬರೀ ತುಪ್ಪ ಕೆಳಗೆ ಹೋದ್ರೆ ನಿಲ್ಲಲ್ಲ," ಎಂದರು. ಸೋಲಲಿ ಎಂದು ಕಾಯುತ್ತಿರುವವರ ಮಾತು ಎಂದು ನಾವಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೂಟದ ದಿನ ಅತ್ತೆಯೂ ಹೊರಟರು. ಅದುವರೆಗೆ ಒಂದು ವರ್ಷವೂ ಬಂದವರಲ್ಲ. "ಇಷ್ಟು ವರ್ಷ ಜೊತೇಲಿ ಇತ್ತು, ಕಳಿಸಿ ಕೊಡೋದು ಬೇಡ್ವಾ," ಎಂದು ಒಳ್ಳೆಯ ಸೀರೆ ಉಟ್ಟು, ಘಾಟಿಯ ತಿರುವಿಗೆ ತಲೆ ಸುತ್ತದಿರಲೆಂದು ಕೈಯಲ್ಲಿ ಒಂದು ನಿಂಬೆಹಣ್ಣು ಹಿಡಿದು ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಮಾವ, ಮಡಿಲಲ್ಲಿ ಚೀಲ ಹಾಕಿದ ರೈಫಲ್, ಪಕ್ಕದಲ್ಲಿ ಬಾಮೈದ. ಜೀಪು ನನ್ನ ಗಿರಾಕಿಯೊಬ್ಬರದು, ಓಡಿಸುವವನು ನಾನು. ಗುಂಡುಗಳನ್ನು ಸ್ಟೀಲಿನ ಟಿಫನ್ ಡಬ್ಬಿಯಲ್ಲಿ ಹಾಕಿ ನನ್ನ ಕಣ್ಣ ಮುಂದೆಯೇ ಇರಲೆಂದು ಗಾಜಿನ ಹಿಂದೆ ಇಟ್ಟೆ.

ಉದಕಮಂಡಲ ದಾಟಿ ನಡುವಟ್ಟದವರೆಗೆ ಮಂಜು. ಅಲ್ಲಿಂದ ಇಳಿಯುತ್ತ ಇಳಿಯುತ್ತ ಬಿಸಿಲು ಗಾಜಿಗೆ ಬಿತ್ತು, ಕೆಳಗಿನಿಂದ ಇಂಜಿನ್ನಿನ ಕಾವು. ಒಂದೊಂದು ತಿರುವಿಗೂ ಸ್ವೆಟರ್ ಒಂದೊಂದು ಗುಂಡಿ ಬಿಚ್ಚಿಕೊಳ್ಳುತ್ತದೆ, ಗೂಡಲೂರು ಬರುವಷ್ಟರಲ್ಲಿ ಅದು ಮೈಮೇಲೇ ಇರುವುದಿಲ್ಲ. ಕೋರೆಯ ಹತ್ತಿರ ಇಳಿದು ಮಾವ ಡಬ್ಬಿ ತೆರೆದರು. ತೆರೆದವರು ಹಾಗೇ ನಿಂತರು. ತುಪ್ಪವೆಲ್ಲ ಕರಗಿ ಕೆಳಗೆ ನಿಂತಿತ್ತು. ಅದರಲ್ಲಿ ಗುಂಡುಗಳು ಮುಳುಗಿ ಮಲಗಿದ್ದವು.

ಅತ್ತೆ ಇಣುಕಿದರು. "ಜಾಮೂನು ಚೆನ್ನಾಗಿ ಊರಿದೆ," ಎಂದರು.

ಮಾವನಿಗೆ ನಗು ಬರಲಿಲ್ಲ. ಹಾಗೆ ಸೋರುವ ಗುಂಡನ್ನು ನಳಿಗೆಗೆ ಹಾಕಿದರೆ ತುಪ್ಪ ಇಳಿದು ಮದ್ದು ನೆನೆಯುತ್ತದೆ, ಈಡು ಹಾರುವುದೇ ಇಲ್ಲ. ಒರೆಸಿ ಹಾಕಿದರೆ ಒಣ ಗುಂಡು ಮಸಿಗೆ ಸಿಕ್ಕಿ ಅರ್ಧದಲ್ಲೇ ನಿಲ್ಲುತ್ತದೆ. ಅವರು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ರೈಫಲ್ಲಿನ ಮೇಲೆ ಕೈ ಇಟ್ಟುಕೊಂಡು ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಅಷ್ಟು ವರ್ಷದಲ್ಲಿ ಅವರನ್ನು ನಾನು ಹಾಗೆ ನೋಡಿರಲಿಲ್ಲ. ಮುಖದಲ್ಲಿ ಕೋಪವಿರಲಿಲ್ಲ. ಬಸ್ಸು ಹೋದ ಮೇಲೆ ಸ್ಟ್ಯಾಂಡಿನಲ್ಲಿ ಉಳಿದವರ ಹಾಗೆ ಸುಮ್ಮನೆ ನೆಲ ನೋಡುತ್ತಿದ್ದರು.

ಅತ್ತೆ ಒಂದು ಗಳಿಗೆ ಅವರನ್ನು ನೋಡಿದರು. ಆಮೇಲೆ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡರು.

"ಅಳಿಯಂದ್ರೆ, ನಿಮ್ ಟವೆಲ್ ಕೊಡಿ. ಅಲ್ಲಿ ಊಟೆ ನೀರು ಹರಿತಿದೆ, ನೆನೆಸ್ಕೊಂಡು ಬನ್ನಿ."

ತುಪ್ಪ ಬಸಿದರು. ಕೋರೆಯ ಬಂಡೆಯ ಸಂದಿನಿಂದ ಬರುತ್ತಿದ್ದ ಆ ನೀರು ಐಸಿನಂತಿತ್ತು. ಡಬ್ಬಿಯನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿ, ನೀರಿನಲ್ಲಿ ಅರ್ಧ ಮುಳುಗಿಸಿ, ನೆರಳಲ್ಲಿ ಅದರ ಪಕ್ಕ ತಾವೂ ಕೂತರು. ಬಸಿದ ತುಪ್ಪ ಮತ್ತೆ ಗಟ್ಟಿಯಾಗುತ್ತ ಬಂದಾಗ ಬೆರಳಲ್ಲಿ ತೆಗೆದು ಒಂದೊಂದು ಗುಂಡಿಗೂ ತೆಳ್ಳಗೆ ಸವರಿದರು. ಅಷ್ಟು ವರ್ಷ ಎರಡು ಬೆರಳಲ್ಲಿ ಬಟ್ಟಲು ಹಿಡಿದವರು.

"ಅಮ್ಮ, ನೀನು ಯಾರ ಕಡೆ?" ಎಂದ ಬಾಮೈದ.

"ನಾನು ನನ್ನ ತುಪ್ಪದ ಕಡೆ," ಎಂದರು ಅತ್ತೆ. "ತುಪ್ಪದಿಂದ ಸೋತೆ ಅಂತ ಇವ್ರು ಇನ್ನು ಜೀವಮಾನ ಪೂರ್ತಿ ಹೇಳ್ತಾ ಇರ್ತಾರೆ. ಸೋಲೋದಾದ್ರೆ ನೇರವಾಗಿ ಸೋಲ್ಲಿ."

ನಮ್ಮ ಸರದಿ ಬಂತು. ಮಾವ ಮದ್ದು ಹಾಕಿ, ತಣ್ಣಗಿನ ಡಬ್ಬಿಯಿಂದ ಆಗ ತೆಗೆದ ಗುಂಡು ಇಟ್ಟು, ಕೋಲಿನಿಂದ ಮೆಲ್ಲಗೆ ತುರುಕಿದರು. ಮಂಡಿಯೂರಿದರು. ಮೊದಲ ಈಡಿಗೆ ತಟ್ಟೆಯ ಮೇಲ್ಗಡೆ ಬಂಡೆಯಲ್ಲಿ ಬಿಳಿ ಪುಡಿ ಹಾರಿತು. ಆದರೆ ಗುಂಡು ಮುಲುಗಲಿಲ್ಲ, ಬಟ್ಟೆ ಸೀಳಿದಂತೆ ನೇರ ಹೋಯಿತು. ನನ್ನ ಎದೆಯಲ್ಲಿ ಅರ್ಧ ಭಾರ ಇಳಿಯಿತು, ನನ್ನ ಪಾಲಿನದು. ಎರಡನೆಯ ಈಡು ತಟ್ಟೆಯ ಬಲಕ್ಕೆ, ಒಂದು ಅಂಗೈ ದೂರದಲ್ಲಿ. ಸರಪಳಿ ಅಲುಗಿದ ಹಾಗೆ ಕಂಡಿತು, ಸದ್ದು ಬರಲಿಲ್ಲ. ಮಾವ ಮೂರನೆಯ ಗುಂಡು ತುಂಬುವಾಗ ಅತ್ತೆ ನಿಂಬೆಹಣ್ಣನ್ನು ಮೂಗಿನ ಹತ್ತಿರ ಹಿಡಿದುಕೊಂಡಿದ್ದರು. ಅಲ್ಲಿ ಘಾಟಿಯೂ ಇರಲಿಲ್ಲ, ತಿರುವೂ ಇರಲಿಲ್ಲ.

ಹೊಗೆ ಮೊದಲು ಕಂಡಿತು. ಆಮೇಲೆ ತಟ್ಟೆ ಹಿಂದಕ್ಕೆ ಜಿಗಿದದ್ದು. ಕೊನೆಗೆ ಸದ್ದು, ದೇವಸ್ಥಾನದ ದೊಡ್ಡ ಗಂಟೆಯದಲ್ಲ, ಸ್ಕೂಲು ಬಿಡುವ ಗಂಟೆಯದು. ನನಗೆ ಶಾಲೆಯಲ್ಲಿ ಇಷ್ಟವಾಗಿದ್ದ ಸದ್ದು ಅದೊಂದೇ.

ಮಾವ ಎದ್ದು ನಿಂತು, ಯಾರನ್ನೂ ನೋಡದೆ, ಪಂಚೆಯ ಮಣ್ಣು ಕೊಡವಿಕೊಂಡರು. ಬಹಳ ನಿಧಾನವಾಗಿ ಕೊಡವಿಕೊಂಡರು. ಬಾಮೈದ ಓಡಿಹೋಗಿ ತಟ್ಟೆಯ ಕೆಳಗೆ ಬಿದ್ದಿದ್ದ ಗುಂಡು ತಂದ. ಅದು ಚಪ್ಪಟೆಯಾಗಿ ಬಿಸ್ಕತ್ತಿನಂತಾಗಿತ್ತು. ಅಂಚಿನಲ್ಲಿ ಒಂದು ಕಡೆ ಸುರುಳಿ ಗೀರು ಕಚ್ಚಿದ ಗುರುತು ಸ್ಪಷ್ಟವಾಗಿತ್ತು. ಅವನು ಅದನ್ನು ನನಗೆ ಕೊಡುತ್ತ, "ಬೆಣ್ಣೆ ಬಿಸ್ಕತ್ತು ಭಾವ," ಎಂದ.

ವಾಪಸು ಬರುವಾಗ ಜೀಪಿನಲ್ಲಿ ಮಾವ ಒಬ್ಬರೇ ಮಾತಾಡಿದರು. ತಾತ, ದೊರೆ, ಪಿಯಾನೊ, ನಾಯಿ ಎಲ್ಲ ಬಂದವು. ಅತ್ತೆ ನಿಂಬೆಹಣ್ಣು ಮೂಸುತ್ತ ಕೂತಿದ್ದರು. ಮನೆ ತಲುಪಿ ಮಾವ ರೈಫಲ್ ಹೆಗಲಿಗೇರಿಸಿ ನೇರ ಬೀರುವಿನ ಕಡೆ ನಡೆದರು. ಅತ್ತೆ ಮೊದಲಿನ ಹಾಗೇ ಬಾಗಿಲಲ್ಲಿ ನಿಂತಿದ್ದರು.

"ಬೀಗದ ಕೈ ಕೊಡು."

"ಯಾಕೆ?"

"ಯಾಕೆ ಅಂದ್ರೆ? ತಟ್ಟೆಗೆ ತಾಗಿದ್ರೆ ಇರಲಿ ಅಂತ ಮಾತಾಗಿದ್ದು."

"ಮನೇಲಿ ಇರಲಿ ಅಂತ ಆಗಿದ್ದು. ನನ್ನ ಸೀರೆ ಮೇಲೆ ಇರಲಿ ಅಂತ ಯಾರು ಹೇಳಿದ್ದು?" ಎಂದು ಅತ್ತೆ ನನ್ನ ಕಡೆ ತಿರುಗಿದರು. "ಅಳಿಯಂದ್ರೆ, ನೀವು ಬೆಂಕಿ ಕೆಲಸ ಬಲ್ಲೋರು. ಇವ್ರ ಮಂಚದ ಅಡಿಗೆ ಒಂದು ಕಬ್ಬಿಣದ ಪೆಟ್ಟಿಗೆ ಮಾಡ್ಕೊಡಿ, ಬೀಗ ಇರೋದು. ಗಟ್ಟಿಯಾಗೇ ಮಾಡಿ. ಅದಕ್ಕೆ ಬೆಣ್ಣೆ ಬೇಡ."

ಮಾಡಿಕೊಟ್ಟೆ. ಠಾಣೆಯಿಂದ ಬಂದು ನೋಡಿದವರು ಬೀಗ ಜಗ್ಗಿ, ಒಳ್ಳೆಯ ಕೆಲಸ ಎಂದರು. ಪೆಟ್ಟಿಗೆ ಮಂಚಕ್ಕಿಂತ ಸ್ವಲ್ಪ ಉದ್ದವಾಯಿತು. ರೈಫಲ್ಲೇ ಅಷ್ಟು ಉದ್ದ, ನನ್ನ ಅಳತೆಯ ತಪ್ಪಲ್ಲ. ಬೆಳಗಿನ ಪೂಜೆಗೆ ಕತ್ತಲಲ್ಲಿ ಏಳುವಾಗ ಮಾವ ದಿನವೂ ಅದರ ಮೂಲೆಗೆ ಮೊಣಕಾಲು ತಾಗಿಸಿಕೊಳ್ಳುತ್ತಿದ್ದರು. ಒಳಗಿನಿಂದ ಅತ್ತೆ, "ತಾತನ ಮರ್ಯಾದೆ ಎದ್ದಿತಾ?" ಎಂದು ಕೇಳುತ್ತಿದ್ದರು. ಮದುವೆಗಳಲ್ಲಿ ಈಗ ಅವರ ಹತ್ತಿರ ಕೂತರೆ ಮಲ್ಲಿಗೆ ವಾಸನೆ ಮಾತ್ರ.

ಕನ್ನಡ ಅಕ್ಷರದ ಆ ಗಟ್ಟಿ ಗುಂಡುಗಳು ಬಹಳ ಉಳಿದುಬಿಟ್ಟವು. ಮಳೆಗಾಲದ ಗಾಳಿಗೆ ಹಾರದಿರಲೆಂದು ನನ್ನ ಅಂಗಡಿಯ ಮುಂದಿನ ಟಾರ್ಪಾಲಿನ ಅಂಚಿಗೆ ಅವನ್ನು ಗಂಟು ಕಟ್ಟಿ ತೂಗುಬಿಟ್ಟಿದ್ದೇನೆ. ಆ ಕೆಲಸಕ್ಕೆ ಅವಕ್ಕಿಂತ ಒಳ್ಳೆಯ ಸೀಸ ಇಲ್ಲ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಕುಂದಾಕ್ಕೆ ಹೋದಾಗ ಮಾತ್ರ ಸೀಸದ ಮಾತು ಎತ್ತುವುದಿಲ್ಲ. ಎತ್ತದಿದ್ದರೂ ದೋಸೆಯ ಮೇಲೆ ಬೆಣ್ಣೆ ಬರುತ್ತದೆ, ನಿಂಬೆ ಗಾತ್ರದ್ದು, ಬಾಮೈದ ಅದಕ್ಕೆ ಉಗುರು ಒತ್ತಿ ನೋಡಿದ ಗುರುತಿನ ಸಮೇತ.